ಒಂದು ಗಂಟೆ ಅಗಲದ ಹೊಳೆ

ಟೊರ್ನಿಯೊದಲ್ಲಿ ಹನ್ನೆರಡು ಹೊಡೆದಾಗ
ಸೇತುವೆಯಾಚೆ ಹಪರಾಂಡದಲ್ಲಿ ಇನ್ನೂ ಹನ್ನೊಂದು.
ನಡಿಗೆ ಹತ್ತೇ ನಿಮಿಷ.
ಹೋಗುವಾಗ ಐವತ್ತು ನಿಮಿಷ ಜಮೆ,
ಬರುವಾಗ ಎಪ್ಪತ್ತು ಖರ್ಚು.
ಬಾಯಿಗೆ ಲೆಕ್ಕ ಅಂಟಿಬಿಟ್ಟಿದೆ, ಕ್ಷಮಿಸಿ.
ಮೂವತ್ತೊಂದು ವರುಷದ ಕಸುಬು:
ಹೊಳೆ ದಾಟುವವರ ತೆರಿಗೆ ಬರೆಯುವುದು.

ಫೆಬ್ರವರಿಯಲ್ಲೊಮ್ಮೆ ತೌನೊ ಲಂಪೆಲಾ ಬಂದ,
ಟೊಪ್ಪಿಗೆಯ ಹಿಮ ಒದರದೆ ಕೂತ.
ದೋಣಿ ಕಟ್ಟುವವನು; ಬೆರಳ ಸಂದಿಯಲ್ಲಿ ಟಾರು,
ವಯಸ್ಸು ಅರವತ್ತೆಂಟು, ಮಾತು ಅರ್ಧ ಡಜನ್.
"ಆ ದಡಕ್ಕೆ ಹೋಗುತ್ತೇನೆ. ಶೆಡ್ಡೂ ಬರುತ್ತದೆ."
ಕಾರಣ? ಎಂದೆ, ಪೆನ್ನು ತೆರೆದು.
ಕಿಟಕಿ ನೋಡಿದ. ಹೊಳೆ ನೋಡಿದ. ಹೆಪ್ಪುಗಟ್ಟಿತ್ತು.
"ಗುನ್ವೋರ್," ಎಂದ.

ಸುಂಕದವನ ಮುಂದೆ ಸುಖದುಃಖವೇ ಎನ್ನುತ್ತಾರೆ.
ಹಾಗೆಂದವರಿಗೆ ಸುಂಕ ಗೊತ್ತಿಲ್ಲ.
ಸುಂಕದವನು ಕೇಳುವುದೇ ಅದನ್ನು:
ನಿನ್ನ ಹಾಸಿಗೆ ಎಲ್ಲಿ? ಯಾರ ಜೊತೆ ಉಣ್ಣುತ್ತೀ?
ಬದುಕಿನ ನಡುಗಂಬ ಯಾವ ದಡದಲ್ಲಿ ನೆಟ್ಟಿದೆ?
ಮುದ್ದಿನಿಂದಲ್ಲ; ಕಾಲಂ ನಾಲ್ಕರಲ್ಲಿ.

ನಮ್ಮ ದೇಶವೋ, ಬೀಳ್ಕೊಟ್ಟ ಮೇಲೂ
ಗೇಟಿನ ತನಕ ಬಂದು ಮಾತು ತೆಗೆಯುವ ಸೋದರತ್ತೆ.
ಹೊರಟವನ ತೋಳು ಮೂರು ವರುಷ ಬಿಡುವುದಿಲ್ಲ.
ಇಲ್ಲಿ ನನ್ನದೇನೂ ಉಳಿದಿಲ್ಲ ಎಂದು
ಅವನೇ ರುಜುವಾತು ಕೊಡಬೇಕು.

ಏನೂ ಇಲ್ಲವೇ? ಎಂದೆ.
ಮನೆ ಸೋದರಳಿಯನಿಗೆ ಮಾರಿಯಾಯಿತು.
ಗರಗಸ, ಉಳಿ, ಅಚ್ಚುಗಳು ಟ್ರೇಲರ್ ಹತ್ತುತ್ತವೆ.
ಅರ್ಧ ಕಟ್ಟಿದ ದೋಣಿಯೊಂದಿದೆ.
ಹಾಗೇ ದಾಟಿಸಿದರೆ ಲಾಭ ಎರಡು ಸೀಳಾಗುತ್ತದೆ,
ಮುಗಿಸಿ, ಮಾರಿ, ಆಮೇಲೆ ಹೋಗು ಎಂದೆ.
ಕೆಲಸದ ಹುಡುಗ ಹಳೆ ಶೆಡ್ಡಿನಲ್ಲೇ ಹತ್ತರಿ ಹೊಡೆಯುತ್ತಿದ್ದರೆ
ನಿನ್ನ ವ್ಯಾಪಾರದ ಬೇರು ಇಲ್ಲೇ ಇದೆ ಎನ್ನುತ್ತಾರೆ.
ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದೆ,
ದೋಣಿ ಕಟ್ಟುವವನಿಗೆ.
ನಗಲಿಲ್ಲ.

"ಸೌನಾ ಇದೆ," ಎಂದ, ತಡೆದು. "ಹೊಳೆದಡದಲ್ಲಿ. ಅಪ್ಪ ಕಟ್ಟಿದ್ದು."
ಮಲಗುತ್ತೀಯಾ ಅಲ್ಲಿ?
"ಬೆವರುತ್ತೇನೆ."
ಬೆವರಿಗೆ ವಾಸಸ್ಥಾನವಿಲ್ಲ ಎಂದು ಬರೆದುಕೊಂಡೆ,
ಹೊಡೆದು ಹಾಕಿ, ಒಲೆಯುಂಟು ಹಾಸಿಗೆಯಿಲ್ಲ ಎಂದು ತಿದ್ದಿದೆ.
"ಮತ್ತೆ ಹೆಲ್ವಿ."
ಯಾರು?
"ಹೆಂಡತಿ. ಚರ್ಚಿನ ಹಿಂದೆ, ಬರ್ಚ್ ಮರದ ಸಾಲು. ಹನ್ನೊಂದು ವರುಷ."

ಫಾರಂ ತಿರುವಿದೆ. ಪತ್ನಿ: ಇದ್ದಾರೆ / ಇಲ್ಲ.
ಗೋರಿಯ ನೆಲ ಆಸ್ತಿಯಲ್ಲ,
ಚರ್ಚಿನಿಂದ ಪಡೆದ ಇಪ್ಪತ್ತೈದು ವರುಷದ ಗೇಣಿ;
ಇನ್ನು ಹದಿನಾಲ್ಕು ಬಾಕಿ.
'ಇಲ್ಲ'ಕ್ಕೆ ಸುತ್ತು ಹಾಕುವಾಗ ಪೆನ್ನು ತಡವರಿಸಿತು.
ಸುಳ್ಳಲ್ಲ. ಕಾನೂನಿನ ಪ್ರಕಾರ ಒಂದಕ್ಷರ ಸುಳ್ಳಲ್ಲ.

ಮುಂದಿನ ವರುಷ ಡೈರಿಯೊಂದನ್ನು ತಂದು ಮೇಜಿಗಿಟ್ಟ.
ಮಲಗಿದ ರಾತ್ರಿಗಳೆಲ್ಲ ಬಡಗಿಯ ಪೆನ್ಸಿಲಿನಲ್ಲಿ:
ಗು, ಗು, ಗು, ಪುಟ ತುಂಬ ಪಾರಿವಾಳದ ಹಾಗೆ.
ಜೂನಿನ ಒಂದು ಚೌಕದಲ್ಲಿ ಮಾತ್ರ ಪ್ರಶ್ನೆಚಿಹ್ನೆ.
ಏನಿದು?
"ಹೊಳೆಯ ನಡುವಿದ್ದೆ, ಬಲೆ ಬಿಟ್ಟು.
ಸೂರ್ಯ ಮುಳುಗಲೊಲ್ಲ. ಈ ದಡದಲ್ಲಿ ನಾಳೆಯಾಗಿತ್ತು,
ಆ ದಡದಲ್ಲಿ ಇನ್ನೂ ಇವತ್ತೇ.
ಆ ಒಂದು ಗಂಟೆ ಯಾರದ್ದು?"

ಎರಡು ದೇಶದ ಒಪ್ಪಂದ ತೆಗೆದು ಹುಡುಕಿದೆ,
ನಿಜಕ್ಕೂ ಹುಡುಕಿದೆ, ಕನ್ನಡಕ ಒರೆಸಿಕೊಂಡು.
ಆ ಗಂಟೆಯಲ್ಲಿ ಏನಾದರೂ ಸಂಪಾದನೆ?
ತೌನೊ ಬಹಳ ಹೊತ್ತು ಯೋಚಿಸಿದ.
"ಎರಡು ಬಿಳಿಮೀನು."
ಒಂದನ್ನು ಗುನ್ವೋರ್ ಹುರಿದಳಂತೆ.
ಇನ್ನೊಂದು ಅಷ್ಟು ತಿಂಗಳು ಫ್ರೀಜರಿನಲ್ಲಿದ್ದು
ಈಗ ನನ್ನ ಮೇಜಿನ ಮೇಲೆ, ಹಳೆಯ ಪತ್ರಿಕೆ ಸುತ್ತಿಕೊಂಡು,
ಫೈಲುಗಳ ನಡುವೆ ಮೆಲ್ಲಗೆ ಕರಗುತ್ತಿತ್ತು.

ಬಿಲ್ಲಿನಲ್ಲಿ ಅದಿಲ್ಲ.
ಇಷ್ಟು ವರುಷದಲ್ಲಿ ನಾನು ಬಚ್ಚಿಟ್ಟ ಒಟ್ಟು ಆದಾಯ:
ಒಂದು ಮೀನು,
ಮುಳ್ಳು ಸಹಿತ.